ಎಂಎಚ್‌ಎ ಆದ್ಮೇಲೆ ಆಸ್ಪತ್ರೆ ಕೆಲ್ಸನಾ, ಪಿಎಚ್‌ಡಿನಾ ಅಂತ ಕೇಳಿದವ್ರಿಗೆ

ನೀವು ಕೇಳಿದ್ದು ಇಷ್ಟು: ಮೈಸೂರಲ್ಲಿ ಒಂದು ಆಸ್ಪತ್ರೆ ಇನ್ಶೂರೆನ್ಸ್ ಡೆಸ್ಕಲ್ಲಿ ಕೆಲ್ಸ ಮಾಡ್ತಿದ್ದೆ, ಈಗ ಅಮೆರಿಕಾಗೆ ಆಸ್ಪತ್ರೆ ಆಡಳಿತದ ಮಾಸ್ಟರ್ಸ್, ಅಂದ್ರೆ ಎಂಎಚ್‌ಎ ಮಾಡೋಕೆ ಬಂದಿದೀನಿ, ಮುಂದೆ ಆಸ್ಪತ್ರೆ ಕೆಲ್ಸ ಹಿಡೀಲಾ ಇಲ್ಲ ಪಾಠ ಮತ್ತೆ ಆರೋಗ್ಯ ನೀತಿಯ ರಿಸರ್ಚ್ ಕಡೆ ಹೋಗ್ಲಾ, ವೀಸಾ ಕತೆ ಏನು, ಅಪ್ಪ ಅಮ್ಮನ್ನ ಕರೆಸ್ಕೊಂಡ್ರೆ ಅವ್ರ ಆರೋಗ್ಯದ ಖರ್ಚು ಹೇಗೆ ಅಂತ. ನಾನು ಓಹಾಯೋದಲ್ಲಿ ಇದೇ ವಿಷಯ ಪಾಠ ಮಾಡ್ಕೊಂಡು ಬಹಳ ವರ್ಷ ಆಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಎಂಎಚ್‌ಎ ಇರೋದು ಆಸ್ಪತ್ರೆ ನಡೆಸೋರನ್ನ ತಯಾರು ಮಾಡೋಕೆ. 1934ರಲ್ಲಿ ಷಿಕಾಗೋ ಯೂನಿವರ್ಸಿಟಿಯವ್ರು ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಕೋರ್ಸ್ ಶುರು ಮಾಡ್ದಾಗಿಂದ ಅದರ ಗುರಿ ಅದೇ. ಬಜೆಟ್ಟು, ಸ್ಟಾಫಿಂಗು, ಕ್ವಾಲಿಟಿ, ಇಂಟರ್ನ್‌ಶಿಪ್ಪು, ಆಮೇಲೆ ಒಂದು ಫೆಲೋಶಿಪ್ಪೋ ಮ್ಯಾನೇಜರ್ ಕೆಲ್ಸಾನೋ. ರಿಸರ್ಚ್ ಮಾಡ್ಬೇಕು, ಪರ್ಮನೆಂಟಾಗಿ ಪಾಠ ಮಾಡ್ಬೇಕು ಅಂದ್ರೆ ಅದು ಬೇರೆ ದಾರಿ, ಅದಕ್ಕೆ ಪಿಎಚ್‌ಡಿ ಬೇಕು. ಎಂಎಚ್‌ಎ ಮುಗಿಸಿ, ಸಾಲದ ಮೇಲೆ ಸಾಲ ಮಾಡಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಕೂಡ ಮಾಡಿದ್ರೆ ರಿಸರ್ಚ್‌ಗೆ ಹತ್ರ ಆಗ್ತೀನಿ ಅಂತ ತುಂಬಾ ಜನ ಅಂದ್ಕೋತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಒಳ್ಳೆ ಪಿಎಚ್‌ಡಿ ಪ್ರೋಗ್ರಾಮ್‌ಗಳು ಫೀಸ್ ಮಾಫಿ ಮಾಡಿ ತಿಂಗಳಿಗೆ ಸ್ಟೈಪೆಂಡ್ ಕೊಡ್ತವೆ, ಬಹಳ ಕಡೆ ಹೆಲ್ತ್ ಇನ್ಶೂರೆನ್ಸೂ ಸೇರಿರುತ್ತೆ. ಫಂಡಿಂಗ್ ಇಲ್ದಿರೋ ಪಿಎಚ್‌ಡಿ ಸೀಟು ಕೊಟ್ರೆ ಬೇಡ ಅನ್ನಿ.

ಈಗಿಂದ್ಲೇ ಮಾಡ್ಬೇಕಾದ್ದು ಅಂದ್ರೆ ಸ್ಟಾಟಿಸ್ಟಿಕ್ಸು, ಎಕನಾಮೆಟ್ರಿಕ್ಸು (ಡೇಟಾ ಇಟ್ಕೊಂಡು ಯಾವ್ದರಿಂದ ಏನಾಯ್ತು ಅಂತ ಲೆಕ್ಕ ಹಾಕೋ ವಿದ್ಯೆ). ನಿಮ್ಮ ಕೋರ್ಸಲ್ಲಿ ಬರೋ ಒಂದು ಪೇಪರ್ ಏನೂ ಸಾಲಲ್ಲ, ಎಕನಾಮಿಕ್ಸ್ ಅಥ್ವಾ ಬಯೋಸ್ಟಾಟ್ಸ್ ಡಿಪಾರ್ಟ್‌ಮೆಂಟಿಗೆ ಹೋಗಿ ಎಲೆಕ್ಟಿವ್ ತಗೊಳ್ಳಿ, ಸ್ಟೇಟಾ ಅಥ್ವಾ ಆರ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಯಾವ್ದಾದ್ರೂ ಒಂದು ಕೈಗೆ ಪಳಗ್ಲಿ. ಮೆಡಿಕೇರ್ (ಮುಖ್ಯವಾಗಿ 65 ದಾಟಿದವ್ರಿಗಿರೋ ಅಮೆರಿಕಾ ಸರ್ಕಾರದ ಹೆಲ್ತ್ ಇನ್ಶೂರೆನ್ಸ್) ದುಡ್ಡು ತಗೊಳ್ಳೋ ಆಸ್ಪತ್ರೆಗಳು ವರ್ಷಕ್ಕೊಂದು ಕಾಸ್ಟ್ ರಿಪೋರ್ಟ್ ಸರ್ಕಾರಕ್ಕೆ ಕೊಡ್ಬೇಕು, ಆ ಡೇಟಾ ಪುಕ್ಕಟೆ ಸಿಗುತ್ತೆ, ಡೌನ್‌ಲೋಡ್ ಮಾಡ್ಕೊಂಡು ಆಟ ಆಡಿ. ರೋಗಿಗಳ ಕ್ಲೇಮ್ಸ್ ಡೇಟಾ (ಇನ್ಶೂರೆನ್ಸ್ ಬಿಲ್ಲುಗಳ ದಾಖಲೆ) ಬೇಕಂದ್ರೆ ಒಪ್ಪಂದ, ಫೀಸು, ಎಥಿಕ್ಸ್ ಪರ್ಮಿಷನ್ನು ಎಲ್ಲಾ ಬೇಕು, ಅಷ್ಟಾದ್ಮೇಲೂ ಅಂಕಿಅಂಶದ ಟೇಬಲ್ಲಿನ ಯಾವ್ದೇ ಒಂದು ಚೌಕದಲ್ಲಿ 1ರಿಂದ 10 ಜನ ಮಾತ್ರ ಬಂದ್ರೆ ಆ ಸಂಖ್ಯೆ ಹೊರಗೆ ತೋರಿಸೋ ಹಾಗಿಲ್ಲ. ಸಣ್ಣ ಊರಲ್ಲಿ ಅಪರೂಪದ ಕಾಯಿಲೆ ಇರೋರು ನಾಲ್ಕೇ ಜನ ಅಂದ್ರೆ ಯಾರು ಅಂತ ಗೊತ್ತಾಗಿಬಿಡುತ್ತಲ್ಲ.

ಇನ್ನು ನಿಮ್ಮ ಮೈಸೂರಿನ ಅನುಭವ. "ಅದು ಇಲ್ಲಿ ಲೆಕ್ಕಕ್ಕೆ ಬರಲ್ಲ ಅನ್ಸುತ್ತೆ" ಅಂತ ಬರೆದಿದೀರ, ನಂಗೆ ಅದನ್ನ ಓದಿ ನಿಜವಾಗ್ಲೂ ಬೇಜಾರಾಯ್ತು. ಪ್ರೀ-ಆಥ್ (ಚಿಕಿತ್ಸೆಗೆ ಮುಂಚೆ ಇನ್ಶೂರೆನ್ಸ್ ಕಂಪ್ನಿ ಹತ್ರ ಕೇಳೋ ಒಪ್ಪಿಗೆ) ಯಾಕೆ ರಿಜೆಕ್ಟ್ ಆಗುತ್ತೆ, ಡಿಸ್ಚಾರ್ಜ್ ಸಮ್ಮರಿ ಮೇಲೆ ಕ್ವೆರಿ ಬಂದಾಗ ರೋಗಿ ಮನೆಯವ್ರು ಬಿಲ್ಲಿಂಗ್ ಕೌಂಟರ್ ಹತ್ರ ಹೇಗೆ ಕಾಯ್ತಾರೆ, ಪ್ಯಾಕೇಜ್ ರೇಟು ಗಿಟ್ಟಲ್ಲ ಅಂದಾಗ ಆಸ್ಪತ್ರೆ ಏನ್ಮಾಡುತ್ತೆ, ಇದನ್ನೆಲ್ಲ ಕಣ್ಣಾರೆ ಕಂಡಿರೋರು ಪಿಎಚ್‌ಡಿ ಕ್ಲಾಸಲ್ಲಿ ಎಷ್ಟು ಜನ ಇರ್ತಾರೆ? ಇಲ್ಲಿ ಮೆಡಿಕೇರ್‌ಗೆ 1983ರಲ್ಲಿ ಬಂದ ಡಿಆರ್‌ಜಿ ಪದ್ಧತೀನೂ ಅದೇ ಪ್ಯಾಕೇಜ್ ರೇಟಿನ ಜಾತಿದು, ಎಷ್ಟು ದಿನ ಮಲಗಿಸ್ಕೊಂಡ್ರೂ ಕಾಯಿಲೆಗೆ ಇಷ್ಟು ಅಂತ ಫಿಕ್ಸ್. ಆಮೇಲೆ ರೋಗಿಗಳನ್ನ ಬೇಗ ಬೇಗ ಮನೆಗೆ ಕಳಿಸ್ತಿದಾರೆ ಅನ್ನೋ ಆತಂಕ ಶುರುವಾಯ್ತು. 2012ರ ಅಕ್ಟೋಬರಿಂದ 30 ದಿನದೊಳಗೆ ವಾಪಸ್ ಅಡ್ಮಿಟ್ ಆಗೋರು ಜಾಸ್ತಿ ಇರೋ ಆಸ್ಪತ್ರೆಗಳಿಗೆ ದಂಡ ಬಿತ್ತು, ಈಗ ಅದು ಮೆಡಿಕೇರ್ ಪೇಮೆಂಟಿನ 3%ವರೆಗೂ ಹೋಗ್ಬಹುದು.

ಈ ದಂಡದ ಪಾಠ ಮಾಡುವಾಗ ನನ್ನ ಸಂಜೆ ಕ್ಲಾಸಲ್ಲಿ ಒಬ್ಬ ನರ್ಸ್ ಮ್ಯಾನೇಜರ್ ಕೈ ಎತ್ತಿದ್ರು. ಹಾರ್ಟ್ ಫೇಲ್ಯೂರ್ ರೋಗೀನ ಶುಕ್ರವಾರ ಸಂಜೆ ಡಿಸ್ಚಾರ್ಜ್ ಮಾಡ್ತೀವಿ, ಮನೇಲಿ ಕಾರಿಲ್ಲ, ಆ ಕಡೆಗೆ ಬಸ್ಸಿಲ್ಲ, ಹತ್ರದ ಔಷಧಿ ಅಂಗಡಿ ಮುಚ್ಚಿರುತ್ತೆ, ಮೈಯಲ್ಲಿ ತುಂಬಿದ ನೀರು ಇಳಿಸೋ ಮಾತ್ರೆ ಇಲ್ದೆ ಸೋಮವಾರದ ಹೊತ್ತಿಗೆ ಕಾಲು ಊದಿಸ್ಕೊಂಡು ಎಮರ್ಜೆನ್ಸಿಗೆ ವಾಪಸ್ ಬರ್ತಾರೆ, ಇದರಲ್ಲಿ ಆಸ್ಪತ್ರೆ ಪಾಲೆಷ್ಟು ಅಂತ ಕೇಳಿದ್ರು. ಅವತ್ತಿನ ಸ್ಲೈಡುಗಳನ್ನ ಪಕ್ಕಕ್ಕಿಟ್ಟು ಕ್ಲಾಸ್ ಪೂರ್ತಿ ಅದೇ ಚರ್ಚೆ ಆಯ್ತು. ಈ ಕೆಲ್ಸದಲ್ಲಿ ನಂಗೆ ತುಂಬಾ ಇಷ್ಟ ಇದೇ, ಹಗಲೆಲ್ಲ ವಾರ್ಡಲ್ಲಿ ದುಡಿದು ಸಂಜೆ ಕ್ಲಾಸಿಗೆ ಬರೋರ ಪ್ರಶ್ನೆಯಿಂದ್ಲೇ ರಿಸರ್ಚ್ ಹುಟ್ಟುತ್ತೆ.

ನಮ್ಮ ಕರ್ನಾಟಕದ ಉದಾಹರಣೆ ಒಂದಿದೆ, ನಿಮ್ಮ ಪಿಎಚ್‌ಡಿ ಅರ್ಜಿ ಬರೆಯೋ ಮುಂಚೆ ಓದ್ಲೇಬೇಕು. ಬಡವ್ರಿಗೆ ದೊಡ್ಡ ಕಾಯಿಲೆಗಳ ಆಸ್ಪತ್ರೆ ಖರ್ಚು ಕೊಡೋ ಸರ್ಕಾರಿ ಯೋಜನೆ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಶುರುವಾಯ್ತು, ದಕ್ಷಿಣದ ಕಡೆಗೆ ಆಮೇಲೆ ಬಂತು. ಆ ಗಡೀಲಿ ಅಕ್ಕಪಕ್ಕದ ಹಳ್ಳಿಗಳು, ಒಂದು ಕಡೆ ಯೋಜನೆ ಇದೆ, ಇನ್ನೊಂದು ಕಡೆ ಇಲ್ಲ. ಸಂಶೋಧಕರು ಎರಡೂ ಕಡೆ ಮನೆಗಳನ್ನ ಹೋಲಿಸಿ ನೋಡಿದ್ರು, ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಮನೆಗಳಲ್ಲಿ ಹೃದ್ರೋಗ, ಕ್ಯಾನ್ಸರ್ ಥರದ ಕಾಯಿಲೆಗಳ ಸಾವು ಕಡಿಮೆ ಇತ್ತು. ಆ ಅಧ್ಯಯನ 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ನೀವು ಕ್ಲೇಮ್ ಡೆಸ್ಕಲ್ಲಿ ಕೂತು ನೋಡಿದ ಯಾವ್ದೋ ಒಂದು ವಿಷಯಾನ ಇಷ್ಟು ಚೊಕ್ಕವಾಗಿ ಪ್ರಶ್ನೆ ಮಾಡೋಕಾದ್ರೆ ಅದೇ ನಿಮ್ಮ ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಬರೆಯೋ ಪತ್ರ).

ವೀಸಾ ಬಗ್ಗೆ: ಓಪಿಟಿ (ಓದು ಮುಗಿದ್ಮೇಲೆ ಸ್ಟೂಡೆಂಟ್ ವೀಸಾದಲ್ಲೇ ಕೆಲ್ಸ ಮಾಡೋ ಪರ್ಮಿಷನ್) 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಡಿಗ್ರಿ ಆದ್ರೆ ಇನ್ನೂ 24 ತಿಂಗಳು. ಆಸ್ಪತ್ರೆ ಅಡ್ಮಿನಿಸ್ಟ್ರೇಷನ್ ಕೋರ್ಸ್‌ಗಳು ಸಾಮಾನ್ಯವಾಗಿ ಸ್ಟೆಮ್ ಪಟ್ಟೀಲಿ ಬರಲ್ಲ, ಯೂನಿವರ್ಸಿಟಿ ಕೊಟ್ಟ ನಿಮ್ಮ ವೀಸಾ ಪತ್ರ ಐ-20ಯಲ್ಲಿರೋ, ಕೋರ್ಸ್ ಯಾವ ವಿಷಯದ್ದು ಅಂತ ಹೇಳೋ ಸಿಐಪಿ ಕೋಡನ್ನ ಇವತ್ತೇ ನೋಡಿ. ಯೂನಿವರ್ಸಿಟಿ ಕೆಲ್ಸಕ್ಕೆ ಎಚ್-1ಬಿ (ಕೆಲ್ಸದ ವೀಸಾ) ಲಾಟರಿ ಇಲ್ಲ, ಇದು ನಮ್ಮ ಲೈನಿನ ದೊಡ್ಡ ಅನುಕೂಲ. ಆದ್ರೆ ನಿಯಮಗಳು ಬದಲಾಗ್ತಾನೇ ಇರ್ತವೆ, ಇಂಟರ್ನ್ಯಾಷನಲ್ ಆಫೀಸಲ್ಲೇ ಕೇಳಿ. ಕೆಲ್ಸದ ಕಷ್ಟಾನೂ ಹೇಳ್ಬೇಕು. ಸಂಬಳ ಬಹಳ ಕಡೆ ಒಂಬತ್ತು ತಿಂಗಳ ಲೆಕ್ಕದ್ದು, ಟೆನ್ಯೂರ್ (ಕೆಲ್ಸ ಕಾಯಂ ಆಗೋ) ತೀರ್ಮಾನ ಸಾಮಾನ್ಯವಾಗಿ ಆರನೇ ವರ್ಷ, ಅಲ್ಲೀವರೆಗೂ ಪೇಪರು, ಗ್ರಾಂಟು ಅಂತ ಓಡ್ತಾನೇ ಇರ್ಬೇಕು. 2025ರಲ್ಲಿ ಫೆಡರಲ್ ಆರೋಗ್ಯ ಇಲಾಖೇಲಿ ಸಾವಿರಾರು ಜನ ಕೆಲ್ಸ ಕಳ್ಕೊಂಡ್ರು, ನಮ್ಮ ರಿಸರ್ಚಿಗೆ ದುಡ್ಡು ಕೊಡೋ ಎಎಚ್‌ಆರ್‌ಕ್ಯೂ ಸಂಸ್ಥೆಗೂ ಪೆಟ್ಟು ಬಿತ್ತು. ಹಾಗಾಗಿ ಸೀಟು ಸಿಕ್ಕಾಗ "ಸ್ಟೈಪೆಂಡ್ ಎಷ್ಟು ವರ್ಷಕ್ಕೆ ಗ್ಯಾರಂಟಿ" ಅಂತ ಬರವಣಿಗೇಲಿ ಕೇಳಿ, ಸಂಕೋಚ ಬೇಡ.

ಅಪ್ಪ ಅಮ್ಮ ಬರ್ಲಿ, ಖಂಡಿತ ಕರೆಸ್ಕೊಳ್ಳಿ. ವಿಸಿಟರ್ ಇನ್ಶೂರೆನ್ಸ್ ತಗೊಳ್ಳುವಾಗ ಬೆಲೆ ನೋಡೋ ಮುಂಚೆ ಹಳೇ ಕಾಯಿಲೆ ಬಗ್ಗೆ ಏನು ಬರೆದಿದಾರೆ ಅಂತ ಪಾಲಿಸಿ ಓದಿ, ಬಿಪಿ ಶುಗರ್ ಇರೋರಿಗೆ ಬಹಳಷ್ಟು ಪಾಲಿಸೀಲಿ ಅದಕ್ಕೆ ಪೂರ್ತಿ ಕವರ್ ಇರಲ್ಲ. ಮೆಡಿಕೇರ್ ವಿಸಿಟರ್‌ಗಳಿಗೆ ಸಿಗಲ್ಲ, ಮುಂದೆ ಗ್ರೀನ್ ಕಾರ್ಡ್ ಆದ್ರೂ 65 ದಾಟಿ, ಇಲ್ಲಿ ಸತತವಾಗಿ 5 ವರ್ಷ ಇದ್ಮೇಲೆ ದುಡ್ಡು ಕಟ್ಟಿ ಸೇರ್ಬಹುದು. ಮಾತ್ರೆಗಳನ್ನ ಇರೋ ಅಷ್ಟೂ ದಿನಕ್ಕೆ ಸಾಕಾಗೋ ಹಾಗೆ ಚೀಟಿ ಸಮೇತ ತರಕ್ಕೆ ಹೇಳಿ, ಜೊತೆಗೆ ಹಳೇ ಇಸಿಜಿ, ಡಿಸ್ಚಾರ್ಜ್ ಸಮ್ಮರಿ ಇದ್ರೆ ಅದರದ್ದೊಂದು ಫೋಟೋ ನಿಮ್ಮ ಫೋನಲ್ಲೂ ಇಟ್ಕೊಂಡಿರಿ.