ಎಸ್ಸೆಸ್ಸೆಲ್ಸಿ ಆದ ಮೇಲೆ ಮಗಳನ್ನು ಟೂಲ್ ಅಂಡ್ ಡೈ ಡಿಪ್ಲೊಮಾಗೆ ಸೇರಿಸಬಹುದೇ?

ಮಗಳು 10ನೇ ತರಗತಿ, ಮನೆಯ ಮಿಕ್ಸಿ ಬಿಚ್ಚಿ ಜೋಡಿಸುತ್ತಾಳೆ, ಪಿಯುಸಿ ಬೇಡ, ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ವಿದ್ಯೆ, ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ನೆಂಟರು ನಗುತ್ತಿದ್ದಾರೆ ಎಂದು ಬರೆದಿದ್ದೀರಿ. ನನ್ನನ್ನೂ ನೋಡಿ ನಕ್ಕಿದ್ದರು. ಈಗ ಹದಿನೆಂಟು ವರ್ಷದಿಂದ ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡ್ (ಪ್ಲಾಸ್ಟಿಕ್ ಸಾಮಾನಿನ ಅಚ್ಚು) ಡಿಸೈನ್ ಮಾಡುತ್ತಿದ್ದೇನೆ. ಸೇರಿಸಿ. ಆದರೆ ಅವಳಿಗೆ ಇಷ್ಟವಿರುವುದು ಬಿಚ್ಚುವ ಕೆಲಸವೋ, ಅಳತೆಗೆ ಸರಿಯಾಗಿ ಮಾಡುವ ಕೆಲಸವೋ, ಅದನ್ನು ಮೊದಲು ನೋಡಿಕೊಳ್ಳಿ. ಎರಡೂ ಬೇರೆ ಬೇರೆ.

ಕಂಪ್ಯೂಟರ್, ರೋಬೊ ಅಂತ ಕನಸು ಕಟ್ಟಿಕೊಂಡು ಈ ಡಿಪ್ಲೊಮಾಗೆ ಹೋದ ನಮಗೆ ಮೊದಲ ದಿನ ಕೊಟ್ಟಿದ್ದು ಒಂದು ಎಂಎಸ್ (ಮೆದು ಉಕ್ಕಿನ) ತುಂಡು, ಒಂದು ಫೈಲು. ಕಾಗದದ ಫೈಲಲ್ಲ, ಅರ. ತುಂಡನ್ನು ವೈಸ್‌ಗೆ ಕಟ್ಟಿ ಉಜ್ಜಬೇಕು. ಅಂಚುಗಳೆಲ್ಲ ಒಂದಕ್ಕೊಂದು ಸರಿಯಾಗಿ 90 ಡಿಗ್ರಿ ಬರಬೇಕು. ಮೂರನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ. ನಮ್ಮ ಸರ್ ತುಂಡಿಗೆ ಟ್ರೈ ಸ್ಕ್ವೇರ್ (90 ಡಿಗ್ರಿ ನೋಡುವ ಮೂಲೆಮಟ್ಟ) ಹಚ್ಚಿ ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿಯುತ್ತಿದ್ದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ "ಬೆಳಕು ಬರ್ತಿದೆ, ಹೋಗು" ಅಂತ ವಾಪಸ್. ಬೈಗುಳವಿಲ್ಲ, ವಿವರಣೆಯೂ ಇಲ್ಲ. ಆರು ವಾರ ಅದೇ ಕೆಲಸ. ಇಬ್ಬರು ಹುಡುಗರು ಅಷ್ಟರಲ್ಲೇ ಬಿಟ್ಟು ಪಿಯುಸಿ ಸೇರಿದರು. ಅವರೇನು ದಡ್ಡರಲ್ಲ. ಒಂದೇ ಅಂಚನ್ನು ನೂರು ಸಲ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಇರಲೇಬೇಕು ಅಂತಲೂ ಇಲ್ಲ.

"ಮ್ಯಾಥ್ಸ್ ಸುಮಾರು, ಅದಕ್ಕೇ ಈ ಲೈನ್ ಸುಲಭ" ಅಂತಲೂ ಬರೆದಿದ್ದೀರಿ. ಅದು ಮಾತ್ರ ತಪ್ಪು. ಸೈನ್ ಬಾರ್ ಅಂತ ಒಂದು ಸಾಧನವಿದೆ: ಎರಡು ರೋಲರ್ ಇರುವ ಪಟ್ಟಿ, ರೋಲರ್‌ಗಳ ನಡುವೆ ಸರಿಯಾಗಿ 100 ಮಿ.ಮೀ. ಒಂದು ರೋಲರ್ ಕೆಳಗೆ 50 ಮಿ.ಮೀ. ಸ್ಲಿಪ್ ಗೇಜ್ (ನಿಖರ ದಪ್ಪದ ಉಕ್ಕಿನ ತುಂಡುಗಳು) ಜೋಡಿಸಿದರೆ ಪಟ್ಟಿ 30 ಡಿಗ್ರಿಗೆ ನಿಲ್ಲುತ್ತದೆ. 30 ಡಿಗ್ರಿ ಇಳಿಜಾರು ಇರಬೇಕಾದ ಜಾಬನ್ನು (ನಾವು ಮಾಡಿದ ತುಂಡನ್ನು) ಅದರ ಮೇಲಿಟ್ಟು ಡಯಲ್ ಗೇಜ್ (ಏರುತಗ್ಗು ತೋರಿಸುವ ಮುಳ್ಳಿನ ಮಾಪಕ) ಓಡಿಸಿದಾಗ ಮುಳ್ಳು ಅಲ್ಲಾಡದಿದ್ದರೆ ಕೋನ ಸರಿ. ನಿಮ್ಮ ಮಗಳು ಈಗ ಬಾಯಿಪಾಠ ಹೊಡೆಯುತ್ತಿರುವ "ಸೈನ್ 30 ಅಂದರೆ ಅರ್ಧ" ಇದೇ. ಹೈಸ್ಕೂಲಿನಲ್ಲಿ ಯಾರಾದರೂ ಒಂದು ಸಲ ಇದನ್ನು ಕೈಗೆ ಕೊಟ್ಟಿದ್ದರೆ ನನಗೆ ತ್ರಿಕೋನಮಿತಿ ಅಂದರೆ ಅಷ್ಟು ಭಯ ಇರುತ್ತಿರಲಿಲ್ಲ.

ಡಿಸೈನರ್ ಆಗಬೇಕಾದವಳು ಮಷಿನ್ ಮುಂದೆ ಯಾಕೆ ನಿಲ್ಲಬೇಕು ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. ನಾನು ಡಿಸೈನ್‌ಗೆ ಬಂದ ಹೊಸತು. ಮೋಲ್ಡಿನೊಳಗೆ ಕೂರುವ ಒಂದು ಇನ್ಸರ್ಟ್‌ನಲ್ಲಿ 40 ಮಿ.ಮೀ. ಆಳದ ಪಾಕೆಟ್ (ಗುಂಡಿ) ಬಿಡಿಸಿ, ನಾಲ್ಕೂ ಒಳಮೂಲೆ ಚೂಪಾಗಿಟ್ಟು ಡ್ರಾಯಿಂಗ್ ಕಳಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್) ಓಡಿಸುವ ಅಣ್ಣ ಡ್ರಾಯಿಂಗ್ ಹಿಡಿದುಕೊಂಡು ಮೇಲೆ ಬಂದರು. "ಮೇಡಂ, ಚೌಕದ ಕಟರ್ ಎಲ್ಲಿ ಸಿಗುತ್ತೆ ಹೇಳಿ, ತರಿಸೋಣ." ತಿರುಗುವ ಕಟರ್ ದುಂಡಗೇ ಇರುತ್ತದೆ. 6 ಮಿ.ಮೀ. ಕಟರ್ ಹಾಕಿದರೆ ಮೂಲೆಯಲ್ಲಿ 3 ಮಿ.ಮೀ. ರೇಡಿಯಸ್ ಉಳಿದೇ ಉಳಿಯುತ್ತದೆ. ಇನ್ನೂ ಸಣ್ಣದು ಹಾಕೋಣ ಅಂದರೆ ಅಷ್ಟು ಆಳದಲ್ಲಿ ಅದು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಚೂಪು ಬೇಕೇ ಬೇಕೆಂದರೆ ತಾಮ್ರದ ಎಲೆಕ್ಟ್ರೋಡ್ ಮಾಡಿ, ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಮಷಿನ್‌ಗೆ ಹಾಕಬೇಕು, ಅದು ಬೇರೆ ಖರ್ಚು, ಬೇರೆ ದಿನ. ಅಲ್ಲಿ ಚೂಪಿನ ಅಗತ್ಯವೇ ಇರಲಿಲ್ಲ. ಪರದೆಯ ಮೇಲೆ ಚೌಕ ಎಳೆದೆ, ಚೌಕ ಬಂತು, ಅಷ್ಟೇ. ಮೂರು ವರ್ಷ ಮಷಿನ್ ಮೇಲೆ ನಿಂತವಳಿಗೇ ಎಸಿ ರೂಮು ಸೇರಿದ ಎರಡೇ ತಿಂಗಳಲ್ಲಿ ಮರೆತುಹೋಗಿತ್ತು. ನಿಲ್ಲದೇ ಬಂದವರ ಪಾಡು ನೀವೇ ಯೋಚಿಸಿ.

ಇನ್ನು ದಾರಿಗಳು. ಜಿಟಿಟಿಸಿ, ಅಂದರೆ ಗವರ್ನಮೆಂಟ್ ಟೂಲ್ ರೂಮ್ ಅಂಡ್ ಟ್ರೈನಿಂಗ್ ಸೆಂಟರ್, ಸರ್ಕಾರದ್ದೇ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಹಲವು ಜಿಲ್ಲೆಗಳಲ್ಲಿದೆ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಮೂರು ವರ್ಷ ಓದು, ಮೇಲೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಪಾಲಿಟೆಕ್ನಿಕ್‌ನ ಮೆಕ್ಯಾನಿಕಲ್ ಡಿಪ್ಲೊಮಾ ಮೂರು ವರ್ಷದ್ದು, ಓದು ಹೆಚ್ಚು, ಮಷಿನ್ ಕಡಿಮೆ. ಐಟಿಐಯಲ್ಲಿ ಫಿಟ್ಟರ್, ಟರ್ನರ್, ಡ್ರಾಫ್ಟ್ಸ್‌ಮನ್ ಎಲ್ಲ ಎರಡು ವರ್ಷ. ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಹಾಗಾಗಿ "ಇಂಜಿನಿಯರಿಂಗ್ ಬಾಗಿಲು ಮುಚ್ಚಿತು" ಅನ್ನುವ ನೆಂಟರಿಗೆ ಚಹಾ ಕೊಟ್ಟು ಕಳಿಸಿ. ಖಾಸಗಿ ಸಂಸ್ಥೆಯಾದರೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆ ಇದೆಯಾ ಅಂತ ಮಾತ್ರ ಫೀಸು ಕಟ್ಟುವ ಮೊದಲೇ ಕೇಳಿ. ಇಲ್ಲದಿದ್ದರೆ ಬಿಇಗೆ ಸೇರುವಾಗ ತೊಂದರೆಯಾಗಬಹುದು.

ಕಹಿಯನ್ನೂ ಹೇಳಬೇಕು. ಮೊದಲೆರಡು ವರ್ಷ ಸಂಬಳ ಕಡಿಮೆ. ಡಿಸೈನ್ ಕೆಲಸಕ್ಕೆ ಅರ್ಜಿ ಹಾಕಿದರೆ ಬಿಇ ಇಲ್ಲ ಅಂತ ಸಂದರ್ಶನಕ್ಕೂ ಕರೆಯದ ಕಂಪನಿಗಳನ್ನು ನಾನು ಕಂಡಿದ್ದೇನೆ. ಕೊನೆಗೆ ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಬಿಇ ಮುಗಿಸಿದೆ. ನಿಮ್ಮ ಮಗಳು ಅಷ್ಟು ತಡ ಮಾಡದಿರಲಿ. ಇನ್ನೊಂದು, ನಾನು ತರಬೇತಿಗೆ ಹೋದ ಕಾರ್ಖಾನೆಯಲ್ಲಿ ಹೆಂಗಸರಿಗೆ ಶೌಚಾಲಯ ಇದ್ದದ್ದು ಆಫೀಸಿನ ಕಟ್ಟಡದಲ್ಲಿ, ಅದರ ಬೀಗದ ಕೈ ಸೆಕ್ಯುರಿಟಿ ಹತ್ತಿರ. ಒಂದು ವರ್ಷ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಈಗ ಎಷ್ಟೋ ಕಡೆ ಸುಧಾರಿಸಿದೆ, ಆದರೂ ಕೇಳಲು ನಾಚಿಕೆ ಬೇಡ.

ಈ ರಜೆಯಲ್ಲಿ ಒಂದು ಕೆಲಸ ಕೊಟ್ಟು ನೋಡಿ. ಮನೆಯಲ್ಲಿ ಚಕ್ಕುಲಿ ಒರಳು ಇದ್ದರೆ ಅದರ ಮುಂದಿನ, ಮೇಲಿನ, ಪಕ್ಕದ ನೋಟಗಳನ್ನು ಸ್ಕೇಲ್ ಹಿಡಿದು ಅಳತೆ ಸಮೇತ ಬಿಡಿಸಲಿ. ಸಣ್ಣ ಅಳತೆ ನೋಡುವ ಅಗ್ಗದ್ದೊಂದು ವರ್ನಿಯರ್ ತಂದುಕೊಡಿ. ಹಿಟ್ಟು ಒತ್ತುವ ದಿಂಡು ಒಳಗೆ ಸಲೀಸಾಗಿ ಇಳಿಯಬೇಕು, ಆದರೆ ಹಿಟ್ಟು ಸಂದಿಯಿಂದ ಮೇಲೆ ಬರಬಾರದು; ಆ ಸಂದಿ ಎಷ್ಟಿದೆ ಅಂತ ತಾನಾಗಿ ಅಳೆಯಲು ಹೊರಟಳೋ, ನೀವು ಅರ್ಜಿ ತುಂಬಿ. ಸಂಸ್ಥೆ ನೋಡಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಉದ್ಘಾಟನೆ, ಓಪನ್ ಡೇ ಅಂತ ಮಷಿನ್‌ಗೆ ಹೂವಿನ ಹಾರ ಹಾಕಿರುವ ದಿನ ಬೇಡ. ಮಾಮೂಲಿ ಮಂಗಳವಾರ ಹೋಗಿ, ಒಂದು ಲೇತ್‌ಗೆ ಎಷ್ಟು ಮಕ್ಕಳು ನಿಂತಿದ್ದಾರೆ ಅಂತ ಎಣಿಸಿಕೊಂಡು ಬನ್ನಿ.