ಏಳು ಆಯ್ಕೆಗಳ ಸಮೀಕ್ಷೆಗೆ ಪೈ ಚಾರ್ಟ್ ಹಾಕಲೇ, ಬಾರ್ ಚಾರ್ಟ್ ಹಾಕಲೇ?

ನೀವು ಕೇಳಿರುವುದು ಇಷ್ಟು: ಸಮೀಕ್ಷೆಯಲ್ಲಿ ಏಳು ಆಯ್ಕೆಗಳಿದ್ದವು, ಉತ್ತರಗಳು ಶೇ. 23, 21, 19, 16, 12, 6, 3 ಹೀಗೆ ಹಂಚಿಹೋಗಿವೆ. ಮೇಲಧಿಕಾರಿಗಳು ಪೈ ಚಾರ್ಟ್ ಬೇಕು ಅನ್ನುತ್ತಿದ್ದಾರೆ, ನಿಮಗೆ ಬಾರ್ ಚಾರ್ಟೇ ಸರಿ ಅನ್ನಿಸುತ್ತಿದೆ. ನಿಮಗೆ ಅನ್ನಿಸಿದ್ದೇ ಸರಿ, ಬಾರ್ ಚಾರ್ಟ್ ಹಾಕಿ. ಮೇಲಿನವರಿಗೆ ಕಾರಣ ಹೇಳಬೇಕಾಗುತ್ತದಲ್ಲ, ಅದಕ್ಕಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ವೃತ್ತಕ್ಕೆ 360 ಡಿಗ್ರಿ. ಹಾಗಾಗಿ ಪೈ ಚಾರ್ಟಿನಲ್ಲಿ ಶೇ. 1 ಅಂದರೆ 3.6 ಡಿಗ್ರಿ. ನಿಮ್ಮ ಮೊದಲ ಹೋಳಿಗೆ 82.8 ಡಿಗ್ರಿ, ಎರಡನೆಯದಕ್ಕೆ 75.6, ಮೂರನೆಯದಕ್ಕೆ 68.4. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ 7.2 ಡಿಗ್ರಿ. ಗಡಿಯಾರದಲ್ಲಿ ಎರಡು ನಿಮಿಷದ ಗೆರೆಗಳ ನಡುವೆ 6 ಡಿಗ್ರಿ ಇರುತ್ತದೆ, ಅದಕ್ಕಿಂತ ಚೂರು ಜಾಸ್ತಿ ಅಷ್ಟೇ. ಅದೂ ಈ ಹೋಳುಗಳು ಪಕ್ಕಪಕ್ಕದಲ್ಲಿ ನೆಟ್ಟಗೆ ನಿಂತಿರುವುದಿಲ್ಲ, ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿಕೊಂಡಿರುತ್ತವೆ. ಅಂಕಿ ಬರೆಯದೆ ತೋರಿಸಿದರೆ ಮೂರರಲ್ಲಿ ಯಾವುದು ದೊಡ್ಡದು ಅಂತ ಧೈರ್ಯವಾಗಿ ಹೇಳುವವರು ಕಡಿಮೆ. ಅಂಕಿ ಬರೆದರೆ ನೋಡುವವರು ಅಂಕಿಯನ್ನೇ ಓದಿಕೊಳ್ಳುತ್ತಾರೆ, ಚಿತ್ರಕ್ಕೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ.

ಅದೇ ಅಂಕಿಗಳನ್ನು ಬಾರ್ ಚಾರ್ಟಿಗೆ ತನ್ನಿ. ಅಕ್ಷ 0ಯಿಂದ 25ರವರೆಗೆ, ಅಗಲ 15 ಸೆಂಟಿಮೀಟರ್ ಅಂದುಕೊಳ್ಳಿ. ಶೇ. 1ಕ್ಕೆ 6 ಮಿಲಿಮೀಟರ್ ಸಿಗುತ್ತದೆ. 23ರ ಪಟ್ಟಿ 21ರ ಪಟ್ಟಿಗಿಂತ 1.2 ಸೆಂಟಿಮೀಟರ್ ಮುಂದೆ ಚಾಚಿಕೊಂಡಿರುತ್ತದೆ. ಎಲ್ಲ ಪಟ್ಟಿಗಳೂ ಒಂದೇ ಗೆರೆಯಿಂದ ಹೊರಡುವುದರಿಂದ ಕಣ್ಣು ತುದಿಗಳನ್ನಷ್ಟೇ ಹೋಲಿಸಿದರೆ ಸಾಕು. ಕೊನೆಯ ಸಾಲಿನಲ್ಲಿ ಕೂತವರಿಗೂ ಕಾಣುತ್ತದೆ.

ಇದು ಬರೀ ಅಭಿರುಚಿಯ ಮಾತಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಇಬ್ಬರು 1984ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ಜನ ಎಲ್ಲಕ್ಕಿಂತ ನಿಖರವಾಗಿ ಅಂದಾಜು ಮಾಡುತ್ತಾರೆ. ಅವರು ಕೊಟ್ಟ ಕ್ರಮದಲ್ಲಿ ಉದ್ದ ಮತ್ತು ಕೋನ ಅದಕ್ಕಿಂತ ಕೆಳಗೆ, ವಿಸ್ತೀರ್ಣ ಇನ್ನೂ ಕೆಳಗೆ, ಘನಗಾತ್ರ ಮತ್ತೂ ಕೆಳಗೆ. ಬಾರ್ ಚಾರ್ಟ್ ಆ ಮೊದಲ ಮೆಟ್ಟಿಲನ್ನು ಬಳಸಿಕೊಳ್ಳುತ್ತದೆ, ಪೈ ಚಾರ್ಟ್ ಕೋನ ಮತ್ತು ವಿಸ್ತೀರ್ಣವನ್ನು ನಂಬಿಕೊಂಡಿದೆ. (ಇವೆರಡನ್ನೂ ಬಳಕೆಗೆ ತಂದವನು ಒಬ್ಬನೇ, ವಿಲಿಯಂ ಪ್ಲೇಫೇರ್. 1786ರ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ಆಮದು ರಫ್ತಿಗೆ ಪಟ್ಟಿಗಳನ್ನು ಬರೆದ, 1801ರದ್ದರಲ್ಲಿ ತುರ್ಕಿ ಸಾಮ್ರಾಜ್ಯದ ನೆಲ ಯಾವ್ಯಾವ ಖಂಡದಲ್ಲಿ ಎಷ್ಟಿದೆ ಎಂದು ತೋರಿಸಲು ವೃತ್ತವನ್ನು ಹೋಳು ಮಾಡಿದ. ಆ ವೃತ್ತದಲ್ಲಿ ಇದ್ದದ್ದು ಮೂರೇ ಹೋಳು ಎಂಬುದನ್ನು ಗಮನಿಸಿ.)

ಹಾಗಂತ ಪೈ ಚಾರ್ಟನ್ನು ಪೂರ್ತಿ ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ತನ್ನದೇ ಒಂದು ಶಕ್ತಿಯಿದೆ: "ಇದು ಒಂದು ಇಡಿಯ ಭಾಗ" ಎಂಬುದನ್ನು ಬಾಯಿಬಿಟ್ಟು ಹೇಳದೆಯೇ ತಿಳಿಸುತ್ತದೆ. ಅರ್ಧ, ಕಾಲು, ಮುಕ್ಕಾಲು ನಮ್ಮ ಕಣ್ಣಿಗೆ ತಕ್ಷಣ ಗೊತ್ತಾಗುವ ಆಕಾರಗಳು. ಹೌದು ಎಂದವರು ಶೇ. 74, ಇಲ್ಲ ಎಂದವರು 26 ಇದ್ದರೆ ಪೈ ಚಾರ್ಟ್ ಹಾಕಿ, ಒಂದೇ ನೋಟಕ್ಕೆ ಕೆಲಸ ಮುಗಿಯುತ್ತದೆ. ಅಕ್ಕಪಕ್ಕದ ಎರಡು ಹೋಳುಗಳನ್ನು ಕೂಡಿಸಿ "ಇವೆರಡು ಸೇರಿ ಅರ್ಧ ದಾಟಿವೆ" ಎನ್ನಬೇಕಾದರೂ ಪೈ ಚೆನ್ನಾಗಿ ನಡೆಯುತ್ತದೆ. ಇಂಥ ಕೂಡಿಸಿ ನೋಡುವ ಹೋಲಿಕೆಯಲ್ಲಿ ಪೈ ಹಿಂದೆ ಬೀಳುವುದಿಲ್ಲ ಎಂದು 1991ರ ಸ್ಪೆನ್ಸ್ ಮತ್ತು ಲೆವಾಂಡೋವ್‌ಸ್ಕಿ ಅವರ ಪ್ರಯೋಗವೂ ತೋರಿಸಿದೆ. ಬಾರ್ ಚಾರ್ಟಿನಲ್ಲಿ ಎರಡು ಪಟ್ಟಿಗಳನ್ನು ಮನಸ್ಸಿನಲ್ಲೇ ಒಂದರ ತುದಿಗೆ ಇನ್ನೊಂದು ಜೋಡಿಸಬೇಕಾಗುತ್ತದೆ, ಅದು ಕಷ್ಟ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಸ್ಲೈಡಿನಿಂದ ಸಭೆ ಏನನ್ನು ತಿಳಿಯಬೇಕು? ಒಂದು ಭಾಗ ಇಡಿಯಲ್ಲಿ ಎಷ್ಟಿದೆ ಎನ್ನುವುದಾದರೆ, ಹೋಳುಗಳು ಎರಡೋ ಮೂರೋ ಇದ್ದರೆ, ಪೈ. ಭಾಗ ಭಾಗಗಳಲ್ಲೇ ಯಾವುದು ಮುಂದೆ, ಎಷ್ಟು ಮುಂದೆ ಎನ್ನುವುದಾದರೆ ಬಾರ್. ಏಳು ಆಯ್ಕೆಗಳ ಸಮೀಕ್ಷೆ ಬಹುಪಾಲು ಎರಡನೆಯ ಜಾತಿಯದು.

ಪೈ ಹಾಕಲೇಬಾರದ ಸಂದರ್ಭಗಳೂ ಇವೆ. ಒಬ್ಬರೇ ಎರಡು ಮೂರು ಉತ್ತರಕ್ಕೆ ಟಿಕ್ ಮಾಡಬಹುದಾದ ಪ್ರಶ್ನೆಯಾಗಿದ್ದರೆ ಒಟ್ಟು ಶೇ. 140, 170 ಹೀಗೆ ಆಗುತ್ತದೆ. ಸಾಫ್ಟ್‌ವೇರ್ ಅದಕ್ಕೂ ತಕರಾರಿಲ್ಲದೆ ಪೈ ಮಾಡಿಕೊಡುತ್ತದೆ, ಎಲ್ಲವನ್ನೂ ಕುಗ್ಗಿಸಿ 360 ಡಿಗ್ರಿಗೆ ತುರುಕುತ್ತದೆ. ಒಟ್ಟು 150 ಇರುವಾಗ ಶೇ. 60 ಎಂಬ ಉತ್ತರ ವೃತ್ತದ ಶೇ. 40 ಭಾಗವಾಗಿ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಜನ ಹೇಳಿದ ಉತ್ತರ ಅರ್ಧಕ್ಕಿಂತ ಕಡಿಮೆ ಎಂದು ತೋರಿದರೆ ಅದು ಸುಳ್ಳೇ. ನಿಮ್ಮದು ಸರಿಯಾಗಿ 100 ಆಗುತ್ತಿದೆ, ಆ ತೊಂದರೆ ಇಲ್ಲ. ಸರಾಸರಿಗಳಿಗೆ, ಋಣ ಸಂಖ್ಯೆಗಳಿಗೆ ಕೂಡ ಪೈ ಸಲ್ಲದು, ಅವು ಯಾವುದೇ ಇಡಿಯ ಭಾಗಗಳಲ್ಲ. ಹೋದ ವರ್ಷಕ್ಕೊಂದು, ಈ ವರ್ಷಕ್ಕೊಂದು ಪೈ ಪಕ್ಕಪಕ್ಕ ಇಟ್ಟರೆ ನೋಡುವವರ ಕಣ್ಣು ಟೆನಿಸ್ ನೋಡಿದ ಹಾಗೆ ಆಚೀಚೆ ಓಡಾಡುತ್ತದೆ. ಅಲ್ಲಿ ಪ್ರತಿ ಆಯ್ಕೆಗೂ ಎರಡೆರಡು ಪಟ್ಟಿ ಒಟ್ಟಿಗೆ ಇಡಿ.

ಎಲ್ಲಕ್ಕಿಂತ ಮುಖ್ಯವಾಗಿ ತ್ರೀಡಿ ಪೈ ಬೇಡ. ವೃತ್ತವನ್ನು ಹಿಂದಕ್ಕೆ ಓರೆ ಮಾಡಿ ಅದರ ಎತ್ತರ ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ. ಸರಿಯಾಗಿ ಕಾಲು ಭಾಗದ, ಅಂದರೆ 90 ಡಿಗ್ರಿಯ ಹೋಳು ನಮ್ಮ ಮುಂದುಗಡೆ ಇದ್ದರೆ ಪರದೆಯ ಮೇಲೆ ಅದರ ಕೋನ ಸುಮಾರು 127 ಡಿಗ್ರಿ ಕಾಣುತ್ತದೆ. ಅದೇ ಹೋಳು ಪಕ್ಕಕ್ಕೆ ಬಂದರೆ ಸುಮಾರು 53 ಡಿಗ್ರಿ. ಅಂಕಿ ಒಂದೇ, ನೋಟಕ್ಕೆ ಎರಡೂವರೆ ಪಟ್ಟಿನ ಹತ್ತಿರ ವ್ಯತ್ಯಾಸ. ಮುಂದಿನ ಹೋಳಿಗೆ ದಪ್ಪದ ಅಂಚೂ ಅದೇ ಬಣ್ಣದಲ್ಲಿ ಸೇರಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಬಾರ್ ಚಾರ್ಟಿನಲ್ಲೂ ತಪ್ಪಾಗುವುದುಂಟು. ದೊಡ್ಡ ತಪ್ಪು ಅಕ್ಷವನ್ನು ಸೊನ್ನೆಯಿಂದ ಶುರು ಮಾಡದಿರುವುದು. 480 ಮತ್ತು 520 ಎಂಬ ಎರಡು ಸಂಖ್ಯೆಗಳಿವೆ, ಅಕ್ಷ 460ರಿಂದ ಹೊರಟಿದೆ ಅನ್ನಿ. ಒಂದು ಪಟ್ಟಿಯ ಉದ್ದ 20, ಇನ್ನೊಂದರದು 60. ನಿಜದಲ್ಲಿ ಶೇ. 8ರಷ್ಟು ಹೆಚ್ಚಿರುವುದು ಮೂರು ಪಟ್ಟು ಎಂದು ಕಾಣುತ್ತದೆ. ಅಂಕಿಗಳು ಹತ್ತಿರ ಹತ್ತಿರ ಇದ್ದಾಗ ಎಕ್ಸೆಲ್ ತಾನಾಗಿಯೇ ಹೀಗೆ ಮಾಡುವುದುಂಟು. ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋಗಿ ಮಿನಿಮಮ್ ಎಂಬಲ್ಲಿ 0 ಎಂದು ನೀವೇ ಟೈಪ್ ಮಾಡಿ.

ಇನ್ನು ನಿಮ್ಮ ಚಾರ್ಟ್ ಮಾಡುವ ಬಗೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಆದರೆ ಆಯ್ಕೆಗಳಿಗೆ ತಮ್ಮದೇ ಕ್ರಮವಿದ್ದರೆ (ವಯಸ್ಸಿನ ಗುಂಪುಗಳು, "ಪೂರ್ತಿ ಒಪ್ಪುತ್ತೇನೆ"ಯಿಂದ "ಸ್ವಲ್ಪವೂ ಒಪ್ಪುವುದಿಲ್ಲ"ದವರೆಗೆ) ಆ ಕ್ರಮ ಕದಲಿಸಬೇಡಿ. ಇನ್ಸರ್ಟ್‌ನಲ್ಲಿ ಕಾಲಮ್ ಅಲ್ಲ, ಅಡ್ಡಪಟ್ಟಿಯ ಬಾರ್ ಆರಿಸಿ. ಕನ್ನಡದಲ್ಲಿ ಆಯ್ಕೆಗಳ ಹೆಸರು ಉದ್ದವಾಗಿರುತ್ತವೆ, ನಿಂತ ಕಂಬಗಳ ಕೆಳಗೆ ಅವು ಓರೆಯಾಗಿ ತಿರುಗಿಕೊಳ್ಳುತ್ತವೆ, ಓದುವವರು ಕತ್ತು ವಾಲಿಸಬೇಕಾಗುತ್ತದೆ. ಅಡ್ಡಪಟ್ಟಿ ಮಾಡಿದ ಕೂಡಲೇ ಎಲ್ಲ ತಲೆಕೆಳಗಾಗಿ, ಅತಿ ದೊಡ್ಡದು ಕೆಳಗೆ ಕಾಣುತ್ತದೆ. ಗಾಬರಿ ಬೇಡ, ಹೆಸರುಗಳ ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಕೆಟಗರೀಸ್ ಇನ್ ರಿವರ್ಸ್ ಆರ್ಡರ್‌ಗೆ ಟಿಕ್ ಹಾಕಿ. ಆಗ ಅಂಕಿಗಳ ಅಕ್ಷ ಮೇಲಕ್ಕೆ ಹಾರುತ್ತದೆ. ಅದರ ಮಿನಿಮಮ್ 0 ಇದೆಯೇ ನೋಡಿಕೊಂಡು, ಪ್ರತಿ ಪಟ್ಟಿಯ ತುದಿಗೆ ಡೇಟಾ ಲೇಬಲ್ (ಆ ಪಟ್ಟಿಯ ಅಂಕಿ) ಹಾಕಿ, ಆಮೇಲೆ ಆ ಅಕ್ಷವನ್ನೂ ಹಿಂದಿನ ಗೆರೆಗಳನ್ನೂ ಅಳಿಸಿಬಿಡಿ. ಒಂದೇ ಸರಣಿ ಇರುವುದರಿಂದ ಲೆಜೆಂಡ್ (ಯಾವ ಬಣ್ಣ ಯಾವುದಕ್ಕೆ ಎಂಬ ವಿವರ) ಕೂಡ ಬೇಡ.

ಪಟ್ಟಿಗಳ ನಡುವಿನ ಸಂದಿ ಎಕ್ಸೆಲ್‌ನಲ್ಲಿ ಮೊದಲೇ ಅತಿಯಾಗಿರುತ್ತದೆ. ಗ್ಯಾಪ್ ವಿಡ್ತ್ ಅನ್ನು ಶೇ. 50ರ ಆಸುಪಾಸಿಗೆ ಇಳಿಸಿ. ಎಲ್ಲ ಪಟ್ಟಿಗಳಿಗೂ ಬೂದುಬಣ್ಣ ಕೊಟ್ಟು, ನೀವು ಮಾತಾಡಲಿರುವ ಒಂದಕ್ಕೆ ಮಾತ್ರ ಗಾಢ ಬಣ್ಣ ಕೊಡಿ. ಒಮ್ಮೆ ಕ್ಲಿಕ್ ಮಾಡಿದರೆ ಪೂರ್ತಿ ಸರಣಿ, ಸ್ವಲ್ಪ ತಡೆದು ಇನ್ನೊಮ್ಮೆ ಮಾಡಿದರೆ ಆ ಒಂದೇ ಪಟ್ಟಿ ಆಯ್ಕೆಯಾಗುತ್ತದೆ. ಶೀರ್ಷಿಕೆಗೆ "ಸಮೀಕ್ಷೆಯ ಫಲಿತಾಂಶ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮೊದಲ ಮೂರು ಆಯ್ಕೆಗಳಿಗೇ ಶೇ. 63 ಮಂದಿ" ಎಂದು ವಿಷಯವನ್ನೇ ಬರೆಯಿರಿ. ಎಷ್ಟು ಜನ ಉತ್ತರಿಸಿದರು ಎಂಬುದನ್ನು ಕೆಳಗೆ ಸಣ್ಣಕ್ಷರದಲ್ಲಿ ಹಾಕಿ. 30 ಜನರ ಶೇ. 3 ಅಂದರೆ ಒಬ್ಬರೇ, 3000 ಜನರದ್ದಾದರೆ 90.

ಇಷ್ಟೆಲ್ಲ ಹೇಳಿದರೂ ಮೇಲಧಿಕಾರಿಗಳು ಪೈ ಬೇಕೇ ಬೇಕು ಅಂದರೆ, ಆಯ್ಕೆಗಳನ್ನು ಕಡಿಮೆ ಮಾಡಿ. 12, 6, 3 ಈ ಮೂರನ್ನು ಕೂಡಿಸಿ "ಇತರೆ" ಮಾಡಿದರೆ 21 ಆಗಿ ಎರಡನೆಯ ಆಯ್ಕೆಗೆ ಸಮವಾಗಿ ಕೂರುತ್ತದೆ, ಅದು ದಾರಿ ತಪ್ಪಿಸುತ್ತದೆ. 6 ಮತ್ತು 3 ಮಾತ್ರ ಕೂಡಿಸಿ 9 ಮಾಡಿ, ಆರು ಹೋಳಿಗೆ ನಿಲ್ಲಿಸಿ. ಗಡಿಯಾರದ 12 ಗಂಟೆಯ ಜಾಗದಿಂದ ಅತಿ ದೊಡ್ಡ ಹೋಳು ಶುರುವಾಗಲಿ, ಉಳಿದವು ಬಲಕ್ಕೆ ಇಳಿಯುತ್ತಾ ಬರಲಿ, "ಇತರೆ" ಕೊನೆಗೆ ಇರಲಿ. ಹೆಸರು ಮತ್ತು ಅಂಕಿಯನ್ನು ಹೋಳಿನ ಮೇಲೋ ಪಕ್ಕದಲ್ಲೋ ಬರೆಯಿರಿ. ಬಣ್ಣದ ಲೆಜೆಂಡ್ ಪಕ್ಕದಲ್ಲಿಟ್ಟರೆ ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೋಳುಗಳ ನಡುವೆ ಸಣ್ಣ ಬಿಳಿ ಗೆರೆ ಬಿಡಿ, ಒಮ್ಮೆ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ಹೋಳುಗಳು ಬೇರೆ ಬೇರೆಯಾಗಿ ಕಾಣುತ್ತಿವೆಯೇ ನೋಡಿಕೊಳ್ಳಿ. ಬಾರ್ ಚಾರ್ಟಿನ ಸ್ಲೈಡನ್ನೂ ಅಳಿಸಬೇಡಿ, ಮುಂದಿನ ಪುಟಕ್ಕೇ ಇಟ್ಟಿರಿ. "ಎರಡನೆಯದು ದೊಡ್ಡದೋ ಮೂರನೆಯದೋ?" ಎಂದು ಯಾರಾದರೂ ಕೇಳಿದ ಕೂಡಲೇ ಅದನ್ನು ತೋರಿಸಬಹುದು.