ಸೂಪರ್ ಸ್ಮ್ಯಾಶ್ ಬ್ರದರ್ಸ್ ಗೇಮ್‌ನಲ್ಲಿ ಅಂಥದ್ದೇನಿದೆ, ಜನ ಯಾಕೆ ಅದರ ಹಿಂದೆ ಬಿದ್ದಿದ್ದಾರೆ?

ನಿಮ್ಮ ತಮ್ಮ ಮತ್ತವನ ಗೆಳೆಯರು ಶನಿವಾರ ರಾತ್ರಿ ಪೂರ್ತಿ ಸ್ಮ್ಯಾಶ್ ಆಡುತ್ತಾರೆ, ನೋಡಿದರೆ ಬರೀ ಬಣ್ಣ, ಗಲಾಟೆ, ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತಲೇ ತಿಳಿಯಲ್ಲ ಅಂತ ಬರೆದಿದ್ದೀರಿ. ಮೊದಲ ದಿನ ನನ್ನ ಕಥೆಯೂ ಅದೇ. ಐದು ನಿಮಿಷ ಬೇರೆ ಯಾರನ್ನೋ ನಾನು ಅಂದುಕೊಂಡು ಬಟನ್ ಒತ್ತುತ್ತಾ ಕೂತಿದ್ದೆ. ನಾನು ಆಗಲೇ ಸತ್ತು ಹೋಗಿದ್ದೆ.

ನಾನು ಆಡಿದ್ದು ಜಪಾನಿನ ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನುವ ಗೇಮ್ ಯಂತ್ರಕ್ಕೆ 2018ರಲ್ಲಿ ಬಂದ ಸ್ಮ್ಯಾಶ್, ಹೆಸರು 'ಅಲ್ಟಿಮೇಟ್'. ಓದೋಕೆ ಅಂತ ಅಮೆರಿಕಕ್ಕೆ ಹೋಗಿದ್ದಾಗ ರೂಮ್‌ಮೇಟ್ ಒಬ್ಬನ ಹತ್ತಿರ ಇತ್ತು. ಹೊರಗೆ ಹಿಮ, ಒಳಗೆ ನಾಲ್ಕು ಜನ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತು ಆಡುತ್ತಿದ್ದೆವು.

ಮೊದಲು ನಾಯಿ ವಿಷಯ ಹೇಳಬೇಕು.

ನೀವು ತೊಂಬತ್ತರ ದಶಕದಲ್ಲಿ ಚಿಕ್ಕವರಾಗಿದ್ದರೆ 'ಟಿವಿ ಗೇಮ್' ನೆನಪಿರುತ್ತೆ. ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಬರೆದಿರುತ್ತಿತ್ತು, ಹಾಕಿ ನೋಡಿದರೆ ಅದೇ ಏಳೆಂಟು ತಿರುಗಿ ತಿರುಗಿ ಬರುತ್ತಿದ್ದವು. ದಾವಣಗೆರೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದಿತ್ತು. ಅದರಲ್ಲಿ ಬಾತುಕೋಳಿ ಹೊಡೆಯುವ 'ಡಕ್ ಹಂಟ್', ಜತೆಗೊಂದು ಪ್ಲಾಸ್ಟಿಕ್ ಗನ್. ಗುರಿ ತಪ್ಪಿದರೆ ಹುಲ್ಲಿನ ಹಿಂದಿನಿಂದ ಒಂದು ನಾಯಿ ಎದ್ದು ನಿಂತು ಕಿಸಿಕಿಸಿ ನಗುತ್ತಿತ್ತು. ಬೇಸಿಗೆ ರಜೆ ಪೂರ್ತಿ ಆ ನಾಯಿ ನಮ್ಮನ್ನು ನೋಡಿ ನಕ್ಕಿದೆ. ನಾವು ಅದಕ್ಕೂ ಗುಂಡು ಹೊಡೆದು ನೋಡಿದೆವು, ಟಿವಿಗೆ ಗನ್ ಒತ್ತಿ ಹಿಡಿದೂ ಹೊಡೆದೆವು. ಏನೂ ಆಗಲಿಲ್ಲ.

ಇಪ್ಪತ್ತು ವರ್ಷ ಬಿಟ್ಟು, ಸ್ಮ್ಯಾಶ್‌ನಲ್ಲಿ ಕ್ಯಾರೆಕ್ಟರ್ ಆರಿಸುವಾಗ ನೋಡುತ್ತೇನೆ, ಅದೇ ನಾಯಿ! ಬಾತುಕೋಳಿ ಬೇರೆ ಜತೆಗಿದೆ. ಇಬ್ಬರೂ ಸೇರಿ ಒಂದೇ ಕ್ಯಾರೆಕ್ಟರ್. ನಾನು ರೂಮ್‌ಮೇಟ್‌ಗೆ ಹೇಳಿದೆ, 'ನೀನು ಇದನ್ನು ತಗೋ, ನಾನು ಬೇರೆ ತಗೋತೀನಿ.' ಯಾಕೆ ಅಂತ ಅವನಿಗೆ ಅರ್ಥವಾಗಲಿಲ್ಲ. ಅವತ್ತು ಆ ನಾಯಿಗೆ ಸರಿಯಾಗಿ ಬಿತ್ತು.

ಬೇರೆ ಬೇರೆ ಗೇಮ್‌ಗಳ ಜನ ಒಂದೇ ಕಡೆ ಸೇರಿ ಹೊಡೆದಾಡುವುದರ ಮಜಾ ಇದೇ. ಒಬ್ಬೊಬ್ಬರಿಗೂ ಅಲ್ಲಿ ತಮ್ಮದೊಂದು ಹಳೇ ಲೆಕ್ಕ ಇರುತ್ತದೆ. ಮಾರಿಯೊ, ಡಾಂಕಿ ಕಾಂಗ್, ಪಿಕಾಚು ನಿಂಟೆಂಡೊ ಮನೆಯವರೇ. ಪ್ಯಾಕ್‌ಮ್ಯಾನ್, ಸ್ಟ್ರೀಟ್ ಫೈಟರ್‌ನ ರ್‍ಯು, ಮೈನ್‌ಕ್ರಾಫ್ಟ್‌ನ ಸ್ಟೀವ್ ಹೊರಗಿನಿಂದ ಬಂದವರು. 2021ರಲ್ಲಿ ಕೊನೆಯವನಾಗಿ 'ಕಿಂಗ್‌ಡಮ್ ಹಾರ್ಟ್ಸ್' ಗೇಮ್‌ನ ಸೋರಾ ಬಂದ ಮೇಲೆ ಒಟ್ಟು 89 ಜನ. ಸೋನಿಕ್ ಕೂಡ ಇದ್ದಾನೆ. ತೊಂಬತ್ತರ ದಶಕದಲ್ಲಿ ಸೋನಿಕ್‌ನ ಸೇಗಾ, ಮಾರಿಯೊನ ನಿಂಟೆಂಡೊ ಎರಡೂ ಕಂಪನಿ ಹಾವು ಮುಂಗುಸಿ. ಅವರಿಬ್ಬರು ಒಂದೇ ಸ್ಟೇಜ್ ಮೇಲೆ ಬಂದರೆ ಹೇಗಿರುತ್ತೆ ಅಂದರೆ, ಯಾರ ಹೀರೋ ದೊಡ್ಡವನು ಅಂತ ಅಭಿಮಾನಿಗಳು ಟಾಕೀಸ್ ಮುಂದೆ ಕಿತ್ತಾಡುತ್ತಿದ್ದರಲ್ಲ, ಆ ಇಬ್ಬರು ಹೀರೋಗಳು ಒಂದೇ ಕಟೌಟ್‌ನಲ್ಲಿ ನಿಂತ ಹಾಗೆ.

ಆದರೆ ಇದು ಒಂದು ವಾರದ ಸಂಭ್ರಮ ಅಷ್ಟೇ. ಆಮೇಲೂ ರಾತ್ರಿ ಎರಡು ಗಂಟೆವರೆಗೆ ಕೂರಿಸುವುದು ಬೇರೆಯೇ ಇದೆ. ಈ ಗೇಮ್‌ನಲ್ಲಿ ಸೋಲುವ ರೀತಿಯೇ ಬೇರೆ.

ಸಾಮಾನ್ಯವಾಗಿ ಫೈಟಿಂಗ್ ಗೇಮ್ ಅಂದರೆ ಟಿವಿಯಲ್ಲಿ ಮೇಲ್ಗಡೆ ಶಕ್ತಿ ಎಷ್ಟು ಉಳಿದಿದೆ ಅಂತ ತೋರಿಸುವ ಒಂದು ಪಟ್ಟಿ. ಏಟು ಬಿದ್ದ ಹಾಗೆ ಅದು ಖಾಲಿಯಾಗುತ್ತದೆ, ಪೂರ್ತಿ ಖಾಲಿಯಾದರೆ ಕಥೆ ಮುಗೀತು. ಅರ್ಧ ಆಟದಲ್ಲೇ ಯಾರು ಸೋಲುತ್ತಾರೆ ಅಂತ ಗೊತ್ತಾಗಿಬಿಡುತ್ತೆ. ಸ್ಮ್ಯಾಶ್‌ನಲ್ಲಿ ಪಟ್ಟಿಯೇ ಇಲ್ಲ, ಪರ್ಸೆಂಟ್ ಇದೆ. ಸೊನ್ನೆಯಿಂದ ಶುರು, ಏಟು ಬಿದ್ದ ಹಾಗೆ ಏರುತ್ತದೆ. 20 ಇದ್ದಾಗ ಒದ್ದರೆ ನಾಲ್ಕು ಹೆಜ್ಜೆ ಹಿಂದೆ ಹೋಗುತ್ತೀರಿ. 120 ಇದ್ದಾಗ ಅದೇ ಒದೆ ಬಿದ್ದರೆ ಟಿವಿ ದಾಟಿ ಹಾರಿಹೋಗುತ್ತೀರಿ. ಸಾಯುವುದು ಏಟಿನಿಂದ ಅಲ್ಲ, ಅಂಗಳದಿಂದ ಆಚೆ ಬಿದ್ದರೆ ಮಾತ್ರ. ಅದಕ್ಕೇ 150 ದಾಟಿದವನೂ ಇನ್ನೂ ಆಟದಲ್ಲಿ ಇರುತ್ತಾನೆ.

ಕಬಡ್ಡಿ ನೋಡಿರುತ್ತೀರಿ ಅಲ್ವಾ? ರೈಡರ್ ಮೇಲೆ ನಾಲ್ಕು ಜನ ಬಿದ್ದಿರುತ್ತಾರೆ, ಅವನು ಮಣ್ಣಲ್ಲಿ ತೆವಳುತ್ತಾ ಕೈ ಚಾಚುತ್ತಾನೆ, ಬೆರಳ ತುದಿ ನಡುವಿನ ಗೆರೆಗೆ ತಾಗಿದರೆ ಬಚಾವ್. ಸ್ಮ್ಯಾಶ್‌ನಲ್ಲಿ ಹೊರಗೆ ಬಿದ್ದವನ ಪಾಡೂ ಅದೇ. ಗಾಳಿಯಲ್ಲಿ ಇನ್ನೊಂದು ಜಿಗಿತ, ಆಮೇಲೆ ಕೊನೆಯದೊಂದು ಎಗರು, ಸ್ಟೇಜಿನ ಅಂಚು ಕೈಗೆ ಸಿಕ್ಕರೆ ಉಳಿದ. ಉಳಿದ ಮೂವರು ಮೇಲೆ ಕಾಯುತ್ತಿರುತ್ತಾರೆ. ಒಬ್ಬ ಅವನನ್ನು ಇನ್ನೂ ಕೆಳಗೆ ತಳ್ಳೋಕೆ ತಾನೇ ಹಾರುತ್ತಾನೆ, ಇಬ್ಬರೂ ಸೇರಿ ಪಾತಾಳಕ್ಕೆ ಹೋಗುತ್ತಾರೆ. ಸೋಫಾದಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಸತ್ತವರೂ.

ಈ ಗುಣ ಆಕಸ್ಮಿಕವಾಗಿ ಬಂದದ್ದಲ್ಲ. ಗೇಮ್ ಮಾಡಿದವರು ಮಸಾಹಿರೊ ಸಕುರಾಯ್. ಅವರೇ ಹೇಳಿಕೊಂಡ ಪ್ರಸಂಗ ಒಂದಿದೆ. ಒಮ್ಮೆ ಆರ್ಕೇಡ್‌ನಲ್ಲಿ, ಅಂದರೆ ದುಡ್ಡು ಹಾಕಿ ಆಡುವ ಗೇಮ್ ಅಂಗಡಿಯಲ್ಲಿ, 'ಕಿಂಗ್ ಆಫ್ ಫೈಟರ್ಸ್ 95' ಆಡುತ್ತಾ ಎದುರಾಳಿಯನ್ನು ಚಚ್ಚಿ ಹಾಕಿದರಂತೆ. ಆಮೇಲೆ ನೋಡಿದರೆ ಆ ಕಡೆ ಕೂತಿದ್ದದ್ದು ಒಂದು ಹುಡುಗ, ಒಂದು ಹುಡುಗಿ. ಇಬ್ಬರಿಗೂ ಆಟ ಹೊಸದು. ಇವರಿಗೆ ಪಾಪ ಅನ್ನಿಸಿತು. ಕಾಂಬೊ, ಅಂದರೆ ಒಂದರ ಹಿಂದೊಂದು ಏಟಿನ ಸರಣಿ, ಬಾಯಿಪಾಠ ಮಾಡಿದವರಿಗೆ ಮಾತ್ರ ಅಲ್ಲ, ಹೊಸಬರಿಗೂ ಮಜಾ ಕೊಡುವ, ನಾಲ್ಕು ಜನ ಸೇರಿ ಆಡುವ ಗೇಮ್ ಬೇಕು ಅಂತ ಹೊರಟರು. ಪ್ರೋಗ್ರಾಮಿಂಗ್ ಮಾಡಿಕೊಟ್ಟವರು ಸಟೋರು ಇವಾಟ, ಮುಂದೆ ನಿಂಟೆಂಡೊದ ಅಧ್ಯಕ್ಷರಾದವರು. ಮೊದಲ ಮಾದರಿಯಲ್ಲಿ ಮಾರಿಯೊ ಗೀರಿಯೊ ಯಾರೂ ಇರಲಿಲ್ಲ, ಮುಖವಿಲ್ಲದ ಗೊಂಬೆಗಳು ಹೊಡೆದಾಡುತ್ತಿದ್ದವು. ಆಮೇಲೆ ಮಾರಿಯೊ, ಡಾಂಕಿ ಕಾಂಗ್, ಸ್ಯಾಮಸ್, ಫಾಕ್ಸ್ ಅನ್ನುವ ನಿಂಟೆಂಡೊದ ನಾಲ್ವರನ್ನು ಯಾರನ್ನೂ ಕೇಳದೆ ತಂದು ಹಾಕಿದರು. ಮಾಡಿ ಆದಮೇಲೆ ತೋರಿಸಿ ಒಪ್ಪಿಗೆ ತಗೊಂಡರು. 1999ರಲ್ಲಿ ಮೊದಲ ಗೇಮ್ ಬಂತು, ಆಗ ಬರೀ 12 ಜನ.

ಬಟನ್‌ಗಳೂ ಸಲೀಸು. ಒಂದು ಹೊಡೆಯೋಕೆ, ಒಂದು ವಿಶೇಷ ಏಟಿಗೆ. ಯಾವ ದಿಕ್ಕು ಒತ್ತಿದಿರಿ ಅನ್ನುವುದರ ಮೇಲೆ ಏಟು ಬದಲಾಗುತ್ತದೆ. ಎಲ್ಲರಿಗೂ ಇದೇ ಲೆಕ್ಕ.

ಒಂದು ಆಟ ಹೇಳಿಬಿಡುತ್ತೇನೆ. ನಾನು ಜಿಗ್ಲಿಪಫ್. ಪೋಕೆಮಾನ್ ಕಾರ್ಟೂನ್‌ನಲ್ಲಿ ಹಾಡಿ ಎಲ್ಲರನ್ನೂ ಮಲಗಿಸುತ್ತಿದ್ದ ಗುಲಾಬಿ ಉಂಡೆ. ಎದುರಿಗೆ ಕರ್ನೂಲಿನ ರೂಮ್‌ಮೇಟ್, ಗ್ಯಾನನ್‌ಡಾರ್ಫ್ ಹಿಡಿದು. ಅದು ರಾಕ್ಷಸ, ನಿಧಾನ, ಆದರೆ ಒಂದೇಟು ಎರಡು ತುಂಡು. ಇಬ್ಬರಿಗೂ ಒಂದೊಂದೇ ಲೈಫ್ ಉಳಿದಿತ್ತು, ಇಬ್ಬರೂ ನೂರು ದಾಟಿದ್ದೆವು. ಜಿಗ್ಲಿಪಫ್‌ಗೆ ಒಂದು ವಿದ್ಯೆ ಇದೆ. ಏನಪ್ಪಾ ಅಂದರೆ ನಿದ್ದೆ ಮಾಡುವುದು. ಕಣ್ಣು ಮುಚ್ಚುವ ಆ ಗಳಿಗೆಯಲ್ಲಿ ಎದುರಾಳಿ ಮೈಗೆ ತಾಗಿದ್ದರೆ ಅವನು ಆಕಾಶಕ್ಕೆ. ತಾಗದಿದ್ದರೆ ನೀವು ಗೊರಕೆ ಹೊಡೆಯುತ್ತಾ ಬಿದ್ದಿರುತ್ತೀರಿ, ಅವನು ಆರಾಮಾಗಿ ಬಂದು ಒದೆಯುತ್ತಾನೆ. ಅವನು ದೊಡ್ಡ ಏಟಿಗೆ ಕೈ ಎತ್ತಿದ. ನಾನು ಕಂಕುಳ ಹತ್ತಿರ ನುಗ್ಗಿ ಮಲಗಿಬಿಟ್ಟೆ. ರಾಕ್ಷಸ ಮೇಲೆ ಹೋದವನು ಕೆಳಗೆ ಬರಲಿಲ್ಲ. ಅವನು ಕಂಟ್ರೋಲರ್ ಕೆಳಗಿಟ್ಟು ತೆಲುಗಿನಲ್ಲಿ 'ನಿದ್ರಪೋಯಿ ಗೆಲಿಚಾವಾ!' (ನಿದ್ದೆ ಮಾಡಿ ಗೆದ್ದೆಯಾ!) ಅಂದವನು ಎರಡು ದಿನ ಮಾತಾಡಿಸಲಿಲ್ಲ.

ಹಾಗಂತ ಇದು ಬರೀ ಮಕ್ಕಳಾಟ ಅಲ್ಲ. 2001ರಲ್ಲಿ ಬಂದ ಸ್ಮ್ಯಾಶ್ 'ಮೆಲೀ' ಅನ್ನು ಇವತ್ತಿಗೂ ಪಂದ್ಯ ಕಟ್ಟಿ ಆಡುವವರಿದ್ದಾರೆ. ಚಿತ್ರ ಒಂಚೂರೂ ತಡವಾಗಬಾರದು ಅಂತ ಹಳೇ ಡಬ್ಬಾ ಟಿವಿ ಹೊತ್ತುಕೊಂಡು ಹೋಗುತ್ತಾರೆ. ಫೈಟಿಂಗ್ ಗೇಮ್‌ಗಳಿಗೆ ಅಂತಲೇ ನಡೆಯುವ ಎವೊ ಪಂದ್ಯಾವಳಿಯಲ್ಲಿ, 2013ರಲ್ಲಿ, ಕೊನೆಯ ಒಂದು ಜಾಗ ಯಾವ ಗೇಮ್‌ಗೆ ಅಂತ ಸ್ತನ ಕ್ಯಾನ್ಸರ್ ಸಂಶೋಧನೆಗೆ ಬರುವ ದೇಣಿಗೆಯ ಮೇಲೆ ತೀರ್ಮಾನ ಮಾಡಿದರು. ಮೆಲೀ ಅಭಿಮಾನಿಗಳು 94 ಸಾವಿರ ಡಾಲರ್‌ಗೂ ಜಾಸ್ತಿ ಸುರಿದು ಜಾಗ ಹಿಡಿದರು.

ಕೊರತೆ ಇಲ್ಲವೇ? ಇದೆ. ಒಬ್ಬರೇ ಕೂತು ಆಡಿದರೆ ಅರ್ಧ ಗಂಟೆಯಲ್ಲಿ ಬೇಜಾರು. ಕತ್ತಿ ಹಿಡಿದವರು ವಿಪರೀತ ಇದ್ದಾರೆ. ಮಾರ್ತ್, ಲುಸಿನಾ, ರಾಯ್, ಕ್ರೋಮ್ ನಾಲ್ವರಲ್ಲಿ ಯಾರು ಯಾರು ಅಂತ ನನಗೆ ಇನ್ನೂ ಗಲಿಬಿಲಿ. ಊರಿಗೆ ವಾಪಸ್ ಬಂದಮೇಲೆ ಆ ಗೆಳೆಯರ ಜತೆ ಆನ್‌ಲೈನ್ ಆಡಿ ನೋಡಿದೆ. ಬಟನ್ ಒತ್ತಿ ಒಂದು ಗಳಿಗೆ ಬಿಟ್ಟು ಕೈ ಏಳುತ್ತಿತ್ತು. ನಿದ್ದೆ ಮಾಡುವ ವಿದ್ಯೆ ಅಲ್ಲಿ ನಡೆಯಲಿಲ್ಲ.

ನೀವು ಸುಮ್ನೆ ಪಕ್ಕದಲ್ಲಿ ನಿಂತು ನೋಡಬೇಡಿ, ತಮ್ಮನ ಹತ್ತಿರ ಒಂದು ಕಂಟ್ರೋಲರ್ ಇಸ್ಕೊಳ್ಳಿ. ಮೊದಲಿಗೆ ಕರ್ಬಿ ಅನ್ನುವ ಕ್ಯಾರೆಕ್ಟರ್ ತಗೊಳ್ಳಿ. ಗಾಳಿಯಲ್ಲೇ ಐದು ಸಲ ಜಿಗಿಯುತ್ತೆ, ಬಿದ್ದರೂ ವಾಪಸ್ ಬರೋಕೆ ಸುಲಭ. ಎದುರಿಗೆ ಆ ನಾಯಿ ಬಂದರೆ ನನ್ನ ಹೆಸರು ಹೇಳಿ ಎರಡು ಜಾಸ್ತಿ ಬಾರಿಸಿ.